ಅಣೆಕಟ್ಟಿನ ಆರೋಗ್ಯ ಪರೀಕ್ಷೆ

ಮಕ್ಕಳೇ, ಅಣೆಕಟ್ಟು ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಎತ್ತರದ ಗೋಡೆ, ಅದರ ಹಿಂದೆ ಸಮುದ್ರದಂತೆ ನಿಂತ ನೀರು, ಗೇಟು ತೆರೆದಾಗ ಹಾಲಿನ ನೊರೆಯಂತೆ ಧುಮುಕುವ ಪ್ರವಾಹ, ಅಲ್ಲವೆ? ಇಷ್ಟು ದೊಡ್ಡ ಗೋಡೆಗೆ ಏನಾದೀತು ಎಂದು ನಮಗೆ ಅನಿಸುವುದು ಸಹಜ. ಆದರೆ ಅಣೆಕಟ್ಟು ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪ್ರತಿವರ್ಷ ಅದರ ಆರೋಗ್ಯವನ್ನು ಪರೀಕ್ಷಿಸುತ್ತಲೇ ಇರಬೇಕು. ಏಕೆ ಎಂಬುದನ್ನು ನಮ್ಮ ನಾಡಿನಲ್ಲೇ ನಡೆದ ಒಂದು ಘಟನೆಯಿಂದ ತಿಳಿಯೋಣ.

ಆ ರಾತ್ರಿ ಏನಾಯಿತು?

ಹೊಸಪೇಟೆಯ ಬಳಿ ಇರುವ ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಕಲ್ಲುಗಳನ್ನು ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಜೋಡಿಸಿ ಇದನ್ನು ಕಟ್ಟಿದ್ದಾರೆ. ಸುರ್ಕಿ ಎಂದರೆ ಸುಟ್ಟ ಜೇಡಿಮಣ್ಣಿನ ಪುಡಿ. ಹೊಲಗಳಿಗೆ ನೀರು ಕೊಡುವುದು, ವಿದ್ಯುತ್ ಉತ್ಪಾದಿಸುವುದು, ನದಿಯ ಪ್ರವಾಹವನ್ನು ಹಿಡಿದು ನಿಧಾನವಾಗಿ ಬಿಡುವುದು ಇದರ ಕೆಲಸಗಳು.

ಅಣೆಕಟ್ಟಿನ ಮೇಲ್ಭಾಗದಲ್ಲಿ 33 ಉಕ್ಕಿನ ಗೇಟುಗಳಿವೆ. ಇವುಗಳಿಗೆ ಕ್ರಸ್ಟ್ ಗೇಟುಗಳು ಎನ್ನುತ್ತಾರೆ. ಪ್ರತಿ ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಇವುಗಳನ್ನು ಎತ್ತಲು ಮತ್ತು ಇಳಿಸಲು ದಪ್ಪ ಸರಪಳಿಗಳಿವೆ.

2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿ ನಿಂತಿತ್ತು. ಆಗ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ನೀರಿನ ಸೆಳೆತಕ್ಕೆ ಸಿಕ್ಕಿ ಕೊಚ್ಚಿಕೊಂಡು ಹೋಯಿತು. ಗೋಡೆಗೆ ಏನೂ ಆಗಿರಲಿಲ್ಲ. ಆದರೂ ತಡೆಯಿಲ್ಲದೆ ನೀರು ನದಿಗೆ ನುಗ್ಗತೊಡಗಿತು. ಉಳಿದ ಗೇಟುಗಳನ್ನೂ ತೆರೆದು ನೀರಿನ ಮಟ್ಟವನ್ನು ಇಳಿಸಬೇಕಾಯಿತು. ನದಿ ದಂಡೆಯ ಊರುಗಳ ಜನರಿಗೆ ಎಚ್ಚರಿಕೆ ಕೊಡಲಾಯಿತು. ಇತ್ತ, ಹೊಲದಲ್ಲಿ ಭತ್ತ ನಾಟಿ ಮಾಡಿದ್ದ ರೈತರಿಗೆ ಬೇರೆಯೇ ಚಿಂತೆ. ಜಲಾಶಯ ಬರಿದಾದರೆ ಬೆಳೆಗೆ ನೀರೆಲ್ಲಿಂದ ಬರಬೇಕು? ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರೂ ರಾಜ್ಯಗಳ ರೈತರು ಈ ನೀರನ್ನೇ ನಂಬಿದ್ದಾರೆ.

ನೀರು ಎಷ್ಟು ಜೋರಾಗಿ ತಳ್ಳುತ್ತದೆ?

ಉಕ್ಕಿನ ಗೇಟನ್ನೇ ಎಳೆದುಕೊಂಡು ಹೋಗುವಷ್ಟು ಬಲ ನೀರಿಗೆ ಎಲ್ಲಿಂದ ಬಂತು? ಒಂದು ಸರಳ ಪ್ರಯೋಗ ಮಾಡಿ.

ಒಂದು ಹಳೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗದಲ್ಲಿ, ನಡುವೆ ಮತ್ತು ಕೆಳಗೆ ಒಂದೇ ಅಳತೆಯ ಮೂರು ತೂತು ಮಾಡಿ. ತೂತು ಮಾಡಲು ಹಿರಿಯರ ಸಹಾಯ ಪಡೆಯಿರಿ. ತೂತುಗಳನ್ನು ಬೆರಳಿನಿಂದ ಮುಚ್ಚಿ ಬಾಟಲಿಗೆ ನೀರು ತುಂಬಿ. ಈಗ ಬೆರಳು ತೆಗೆದು ನೋಡಿ. ಯಾವ ತೂತಿನಿಂದ ನೀರು ಹೆಚ್ಚು ರಭಸದಿಂದ ಚಿಮ್ಮುತ್ತದೆ? ಕೆಳಗಿನ ತೂತಿನಿಂದ. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುತ್ತದೆ. ಅಣೆಕಟ್ಟಿನ ಗೋಡೆಯನ್ನು ಬುಡದಲ್ಲಿ ದಪ್ಪವಾಗಿ, ಮೇಲೆ ಸಣ್ಣದಾಗಿ ಕಟ್ಟುವುದಕ್ಕೆ ಇದೂ ಒಂದು ಕಾರಣ.

ಈಗ ಒಂದು ಲೆಕ್ಕ ಮಾಡೋಣ. ಮುಚ್ಚಿದ ಗೇಟಿನ ಮೇಲಂಚಿನವರೆಗೂ ನೀರು ನಿಂತಿದೆ ಎಂದುಕೊಳ್ಳಿ.

ಗೇಟಿನ ಅಗಲ ಸುಮಾರು 18 ಮೀಟರ್, ಎತ್ತರ ಸುಮಾರು 6 ಮೀಟರ್. ವಿಸ್ತೀರ್ಣ 18 × 6 = 108 ಚದರ ಮೀಟರ್.

ಒಂದು ಘನ ಮೀಟರ್ ನೀರಿನ ತೂಕ 1 ಟನ್. ಆದ್ದರಿಂದ 6 ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ 6 ಟನ್ ಭಾರದಷ್ಟು ಒತ್ತಡ ಬೀಳುತ್ತದೆ. ನೀರಿನ ಮೇಲ್ಮೈಯಲ್ಲಿ ಇದು ಸೊನ್ನೆ. ಸರಾಸರಿ 3 ಟನ್.

ಒಟ್ಟು 108 × 3 = 324 ಟನ್!

ಒಂದು ಆನೆಯ ತೂಕ 4 ಟನ್ ಎಂದು ಹಿಡಿದರೆ, ಸುಮಾರು 80 ಆನೆಗಳ ಭಾರದಷ್ಟು ಬಲ ಒಂದೇ ಗೇಟನ್ನು ತಳ್ಳುತ್ತಿರುತ್ತದೆ. ಎಷ್ಟೋ ದಶಕಗಳ ಕಾಲ ನೀರು, ಗಾಳಿ, ಬಿಸಿಲಿಗೆ ಒಡ್ಡಿಕೊಂಡ ಉಕ್ಕು ತುಕ್ಕು ಹಿಡಿಯುತ್ತದೆ, ಸವೆಯುತ್ತದೆ. ಸರಪಳಿಯ ಒಂದು ಕೊಂಡಿ ದುರ್ಬಲವಾದರೂ ಸಾಕು, ಇಡೀ ಸರಪಳಿ ದುರ್ಬಲವಾದಂತೆ.

ಹರಿಯುವ ನೀರಿಗೇ ತಡೆ

ನೀರು ಪೂರ್ತಿ ಇಳಿಯುವವರೆಗೆ ಕಾಯ್ದರೆ ಜಲಾಶಯದ ಬಹುಪಾಲು ನೀರು ನದಿಯ ಪಾಲಾಗುತ್ತಿತ್ತು. ಆದ್ದರಿಂದ ನೀರು ಹರಿಯುತ್ತಿರುವಾಗಲೇ ಗೇಟು ಇದ್ದ ಜಾಗವನ್ನು ಮುಚ್ಚಲು ತೀರ್ಮಾನಿಸಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಉದ್ದನೆಯ ಹಲಗೆಗಳನ್ನು ಸಿದ್ಧಪಡಿಸಿ, ಕ್ರೇನುಗಳಿಂದ ಒಂದರ ಮೇಲೊಂದು ಇಳಿಸಿದರು. ಇವುಗಳಿಗೆ ಸ್ಟಾಪ್ ಲಾಗ್ ಎನ್ನುತ್ತಾರೆ. ಹಳ್ಳಿಯ ಕಾಲುವೆಗೆ ಹಲಗೆ ಇಳಿಸಿ ನೀರು ತಡೆಯುವುದನ್ನು ನೀವು ನೋಡಿರಬಹುದು. ಉಪಾಯ ಅದೇ, ಗಾತ್ರ ಮಾತ್ರ ದೊಡ್ಡದು. ಗೇಟು ಹೋದ ಒಂದು ವಾರದೊಳಗೆ, ಆಗಸ್ಟ್ 17ರ ವೇಳೆಗೆ, ನೀರು ನಿಂತಿತು.

2025ರ ಮಳೆಗಾಲದಲ್ಲಿ ಸುರಕ್ಷತೆಗಾಗಿ ಜಲಾಶಯದಲ್ಲಿ ಸುಮಾರು 80 ಟಿಎಂಸಿಗಿಂತ ಹೆಚ್ಚು ನೀರು ನಿಲ್ಲಿಸದಿರಲು ನಿರ್ಧರಿಸಿದರು. ಎಲ್ಲ 33 ಗೇಟುಗಳನ್ನೂ ಬದಲಾಯಿಸುವ ತೀರ್ಮಾನವಾಯಿತು. (ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ.)

ಹೂಳು ತಿನ್ನುವ ಜಾಗ

ಅರ್ಧ ತುಂಬಿದ ಬಕೆಟ್‌ಗೆ ಒಂದು ಚೊಂಬು ನೀರು ಸುರಿದರೆ ಚೆಲ್ಲುವುದಿಲ್ಲ. ತುಂಬಿದ ಬಕೆಟ್‌ಗೆ ಸುರಿದರೆ ಅಷ್ಟೂ ನೀರು ಹೊರಗೆ ಚೆಲ್ಲುತ್ತದೆ. ಪ್ರವಾಹ ತಡೆಯುವ ಅಣೆಕಟ್ಟಿನ ಗುಟ್ಟು ಇದೇ. ಅದರಲ್ಲಿ ಖಾಲಿ ಜಾಗ ಇರಬೇಕು. ಆದರೆ ನದಿ ನೀರಿನ ಜೊತೆ ಮಣ್ಣನ್ನೂ ತರುತ್ತದೆ. ಅದು ತಳದಲ್ಲಿ ಹೂಳಾಗಿ ಕೂರುತ್ತದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿದ ಕಾರಣ ಈಗ ಅದರ ಸಾಮರ್ಥ್ಯ ಸುಮಾರು 105.8 ಟಿಎಂಸಿ. ಅಂದರೆ ಐದನೇ ಒಂದು ಭಾಗದಷ್ಟು ಜಾಗವನ್ನು ಹೂಳು ಆಕ್ರಮಿಸಿದೆ.

ಗೇಟು ತೆರೆಯದಿದ್ದರೂ ಅಪಾಯ

ಗೇಟು ಕೊಚ್ಚಿಹೋದರೆ ಮಾತ್ರವಲ್ಲ, ಬೇಕಾದಾಗ ತೆರೆಯದಿದ್ದರೂ ಅಪಾಯವೇ. 1979ರ ಆಗಸ್ಟ್ 11ರಂದು ಗುಜರಾತಿನಲ್ಲಿ ಮಚ್ಛು ನದಿಯ ಎರಡನೇ ಅಣೆಕಟ್ಟಿಗೆ, ಅದು ತಾಳಬಲ್ಲದ್ದಕ್ಕಿಂತ ಬಹಳ ಹೆಚ್ಚು ನೀರು ಬಂತು. ಕೆಲವು ಗೇಟುಗಳು ತೆರೆಯಲಿಲ್ಲ. ನೀರು ಮಣ್ಣಿನ ಏರಿಯ ಮೇಲೆಯೇ ಹರಿದು ಅದನ್ನು ಕೊರೆದುಹಾಕಿತು. ಕೆಳಗಿದ್ದ ಮೋರ್ಬಿ ಪಟ್ಟಣಕ್ಕೆ ನೀರು ನುಗ್ಗಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು.

ಪರೀಕ್ಷೆಯಲ್ಲಿ ಏನು ನೋಡುತ್ತಾರೆ?

ನಮ್ಮ ದೇಶದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ದೊಡ್ಡ ಅಣೆಕಟ್ಟುಗಳನ್ನು ಮಳೆಗಾಲದ ಮೊದಲು ಮತ್ತು ನಂತರ ಪರಿಶೀಲಿಸಬೇಕು. ಎಂಜಿನಿಯರುಗಳು ಮುಖ್ಯವಾಗಿ ಇವುಗಳನ್ನು ನೋಡುತ್ತಾರೆ:

1. ಗೇಟು, ಸರಪಳಿ, ಮೋಟಾರುಗಳು ಸರಿಯಾಗಿ ಕೆಲಸ ಮಾಡುತ್ತಿವೆಯೆ? ತುಕ್ಕು ಹಿಡಿದಿವೆಯೆ?
2. ಗೋಡೆಯಲ್ಲಿ ಹೊಸ ಬಿರುಕು ಕಾಣಿಸಿದೆಯೆ? ಹಳೆಯ ಬಿರುಕು ಅಗಲವಾಗಿದೆಯೆ?
3. ಎಷ್ಟು ನೀರು ಜಿನುಗುತ್ತಿದೆ? ಸ್ವಲ್ಪ ಜಿನುಗುವುದು ಸಾಮಾನ್ಯ. ಆದರೆ ಅದು ಇದ್ದಕ್ಕಿದ್ದಂತೆ ಹೆಚ್ಚಾದರೆ ಎಚ್ಚರ ವಹಿಸಬೇಕು.
4. ಜಿನುಗುವ ನೀರು ತಿಳಿಯಾಗಿದೆಯೆ, ಕೆಂಪಾಗಿದೆಯೆ? ಮಣ್ಣಿನ ಏರಿಯಿಂದ ಕೆಸರು ನೀರು ಬಂದರೆ, ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ.

ನಿಮ್ಮೂರ ಕೆರೆಯೂ ಒಂದು ಅಣೆಕಟ್ಟು

ನಿಮ್ಮ ಊರಿನಲ್ಲಿ ಕೆರೆ ಇದೆಯೆ? ಹಾಗಿದ್ದರೆ ಅದರ ಏರಿಯೇ ಅಣೆಕಟ್ಟು, ತೂಬೇ ಗೇಟು, ಹೆಚ್ಚಾದ ನೀರನ್ನು ಹೊರಬಿಡುವ ಕೋಡಿಯೇ ಅದರ ರಕ್ಷಕ. ಶಿಕ್ಷಕರೊಂದಿಗೆ ಏರಿಯ ಮೇಲೆ ನಡೆದು ಗಮನಿಸಿ. ಏರಿಯಲ್ಲಿ ಹೆಗ್ಗಣದ ಬಿಲಗಳಿವೆಯೆ? ದೊಡ್ಡ ಮರಗಳು ಬೆಳೆದಿವೆಯೆ? ಮರ ಸತ್ತು ಬೇರು ಕೊಳೆತರೆ ಅಲ್ಲಿ ನೀರು ನುಸುಳಲು ದಾರಿಯಾಗುತ್ತದೆ. ಕೋಡಿಗೆ ಕಸ, ಮಣ್ಣು ಅಡ್ಡ ಬಿದ್ದಿದೆಯೆ? ಏರಿಯ ಹೊರಬದಿಯ ಬುಡದಲ್ಲಿ ಕೆಸರು ನೀರು ಒಸರುತ್ತಿದೆಯೆ? ಕಂಡದ್ದನ್ನು ದಿನಾಂಕ ಸಮೇತ ಪುಸ್ತಕದಲ್ಲಿ ಬರೆದಿಡಿ. ಅಪಾಯದ ಗುರುತು ಕಂಡರೆ ಶಿಕ್ಷಕರ ಮೂಲಕ ಗ್ರಾಮ ಪಂಚಾಯಿತಿಗೆ ತಿಳಿಸಿ. ನೀರಿಗೆ ಇಳಿಯಬೇಡಿ, ಕೋಡಿ ಹರಿಯುವಾಗ ಹತ್ತಿರ ಹೋಗಬೇಡಿ.

ಅಣೆಕಟ್ಟಾಗಲಿ ಕೆರೆಯಾಗಲಿ, ಕೇಡು ಸಣ್ಣ ಜಾಗದಲ್ಲಿ ಶುರುವಾಗುತ್ತದೆ. ಒಂದು ಕೊಂಡಿ, ಒಂದು ಬಿರುಕು, ಒಂದು ಬಿಲ. ಮಳೆ ಬರುವ ಮೊದಲೇ ಅದನ್ನು ಕಂಡು ಸರಿಪಡಿಸಿದರೆ ಊರು ನೆಮ್ಮದಿಯಿಂದ ಮಲಗಬಹುದು.

ಯೋಚಿಸಿ, ಉತ್ತರಿಸಿ

1. ಗೇಟಿನ ಅರ್ಧ ಎತ್ತರಕ್ಕೆ, ಅಂದರೆ 3 ಮೀಟರ್‌ವರೆಗೆ ಮಾತ್ರ ನೀರು ನಿಂತಿದ್ದರೆ ಅದನ್ನು ತಳ್ಳುವ ಬಲ ಎಷ್ಟು? ಅದು 324 ಟನ್ನಿನ ಅರ್ಧವೆ, ಇನ್ನೂ ಕಡಿಮೆಯೆ? ಲೆಕ್ಕ ಮಾಡಿ.
2. ರೈತರಿಗೆ ಜಲಾಶಯ ತುಂಬಿರಬೇಕು, ಪ್ರವಾಹ ತಡೆಯಲು ಜಾಗ ಖಾಲಿ ಇರಬೇಕು. ಮಳೆಗಾಲದ ಆರಂಭದಲ್ಲಿ ಮತ್ತು ಕೊನೆಯಲ್ಲಿ ನೀವು ಎಷ್ಟು ನೀರು ನಿಲ್ಲಿಸುತ್ತೀರಿ? ತರಗತಿಯಲ್ಲಿ ಚರ್ಚಿಸಿ.
3. ಜಲಾಶಯಕ್ಕೆ ಹೂಳು ಬರುವುದನ್ನು ಕಡಿಮೆ ಮಾಡಲು ಮೇಲಿನ ಊರುಗಳಲ್ಲಿ ಏನು ಮಾಡಬಹುದು?