ಕೋವಿ ಕೈಗೆ ಬಂದ ಮಕ್ಕಳಿಗೆ

ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಪೂ ಹೂ ಮುಡಿಸಿ ಪೂಜೆ ಮಾಡಿದ ಕೋವಿಯನ್ನು ಎಳೆಯರ ಕೈಗೆ ಕೊಡುವಾಗ ಒಕ್ಕದ, ಅಂದರೆ ಮನೆತನದ, ಹಿರಿಯರು ನಾಲ್ಕು ಬುದ್ಧಿಮಾತು ಹೇಳುವುದು ಕೊಡಗಿನ ಪದ್ಧತಿ. ಆ ಮಾತುಗಳು ಹುಟ್ಟಿದ್ದು ಹುಲಿ, ಹಂದಿ, ಹಗೆಗಳ ಕಾಲದಲ್ಲಿ. ನಾನು ಹೇಳಬೇಕಾಗಿರುವುದು ಕತ್ತಿ ಹಿಡಿದು ಎದುರಿಗೆ ಬರುವ ಮನುಷ್ಯನ ವಿಷಯ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮನುಷ್ಯನ ಮೇಲೆ ಹಾರಿಸುವುದಕ್ಕಲ್ಲ. ಗುಂಡು ಹಾರಿಸಿದ ಮೇಲೆ ನಿಮಗಿರುವ ಹಕ್ಕು ಬೀದರಿನವನಿಗೋ ಬಳ್ಳಾರಿಯವನಿಗೋ ಇರುವಷ್ಟೇ.

ಕೋವಿಯ ಮುಂದೆ ಕತ್ತಿ ಯಾವ ಲೆಕ್ಕ ಎಂದು ಹುಡುಗರು ಮಾತಾಡುವುದನ್ನು ಕೇಳಿದ್ದೇನೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಡೆನಿಸ್ ಟ್ಯೂಲರ್ ಎಂಬ ಪೊಲೀಸ್ ಅಧಿಕಾರಿ ಇದನ್ನೇ ಪರೀಕ್ಷಿಸಿ ನೋಡಿ 1983ರಲ್ಲಿ ಬರೆದರು. ಕತ್ತಿ ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ. ಸೊಂಟದಲ್ಲಿ ಪಿಸ್ತೂಲಿದ್ದ, ಪಳಗಿದ ಪೊಲೀಸನಿಗೆ ಅದನ್ನು ತೆಗೆದು ಹಾರಿಸಲು ಹಿಡಿಯುವ ಕಾಲವೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಕೋವಿಯೋ ಬೀರುವಿನಲ್ಲಿ ಬೀಗದೊಳಗಿದೆ, ತೋಟಾ ಬೇರೆ ಕಡೆ ಇದೆ. ಹಾಗೆಯೇ ಇರಬೇಕು, ಮನೆಯಲ್ಲಿ ಮಕ್ಕಳಿದ್ದಾರೆ. ಒಂದುವೇಳೆ ಕೋವಿ ಕೈಯಲ್ಲೇ ಇದ್ದರೂ ಇಕ್ಕಟ್ಟಾದ ಕೋಣೆಯಲ್ಲಿ ಉದ್ದ ನಳಿಗೆಯನ್ನು ತಿರುಗಿಸುವಷ್ಟರಲ್ಲಿ ಬಂದವನು ಅದನ್ನೇ ಹಿಡಿದುಕೊಂಡಿರುತ್ತಾನೆ. ಆದ್ದರಿಂದ ನಿಮಗೂ ಕತ್ತಿಗೂ ನಡುವೆ ಬಾಗಿಲು ಬರಲಿ, ಜೀಪು ಬರಲಿ, ಏನಾದರೂ ಒಂದು ಅಡ್ಡ ಬರಲಿ. ಚಿಲಕ ಹಾಕಿ, 112ಕ್ಕೆ ಫೋನ್ ಮಾಡಿ, ಅಕ್ಕಪಕ್ಕದ ಲೈನ್‌ಮನೆಗಳಿಗೆ ಕೇಳುವಂತೆ ಕೂಗಿ. ಓಡಲು ದಾರಿಯಿದ್ದರೆ ಓಡಿ. ಹೇಡಿಯ ಹಾಗೆ ಓಡಲೇಬೇಕೆಂದು ನಮ್ಮ ಕಾನೂನು ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ, ನೀವು ಬದುಕಿರಬೇಕೆಂಬ ಆಸೆಯಿಂದ.

ದಾರಿಯೇ ಇಲ್ಲದಾಗ, ಕತ್ತಿ ನಿಮ್ಮ ಮೇಲೋ ನಿಮ್ಮವರ ಮೇಲೋ ಎದ್ದಾಗ, ಹಿಂಜರಿಯಬೇಡಿ. ಪ್ರಾಣ ಹೋದೀತು ಅಥವಾ ತೀವ್ರ ಗಾಯವಾದೀತು ಎಂಬ ಸಕಾರಣ ಭಯವಿದ್ದರೆ ಎದುರಾಳಿಯ ಪ್ರಾಣ ತೆಗೆಯುವವರೆಗೂ ನಿಮ್ಮ ಹಕ್ಕು ಚಾಚುತ್ತದೆ. ಹಿಂದೆ ದಂಡಸಂಹಿತೆಯಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 38ನೇ ಕಲಮಿನಲ್ಲಿದೆ. ಮೊದಲ ಏಟು ಬೀಳುವವರೆಗೆ ಕಾಯಬೇಕಾಗಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಮಾತ್ರ ಈ ಹಕ್ಕೇ ಇಲ್ಲ, ಅದು 37ನೇ ಕಲಮು.

ಪಂಜಾಬಿನ ದರ್ಶನ್ ಸಿಂಗ್ ಮೊಕದ್ದಮೆಯನ್ನು ಓದಿ ಎಂದು ಓದುಬರಹ ಬಲ್ಲ ಹುಡುಗರಿಗೆಲ್ಲ ಹೇಳುತ್ತೇನೆ. ಹತ್ತಿರದ ಸಂಬಂಧಿಕರ ನಡುವೆ ಜಮೀನಿನ ಜಗಳ. ಒಬ್ಬ ಗಂಡಾಸ, ಅಂದರೆ ಹುಲ್ಲು ಕಡಿಯುವ ದೊಡ್ಡ ಕತ್ತಿ, ಎತ್ತಿ ದರ್ಶನ್ ಸಿಂಗನ ತಂದೆಯ ಮೇಲೆ ಬಿದ್ದ. ಮಗ ಕೋವಿ ಹಾರಿಸಿದ. ಹೈಕೋರ್ಟ್ ಶಿಕ್ಷೆ ಕೊಟ್ಟಿತು, 2010ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಗಾಬರಿಯಲ್ಲಿರುವವನಿಂದ ತಕ್ಕಡಿ ಹಿಡಿದು ಅಳೆದಂಥ ಏಟನ್ನು ನಿರೀಕ್ಷಿಸಬಾರದು ಎಂಬುದನ್ನು ನ್ಯಾಯಾಲಯ ಒಪ್ಪಿತು. ಗೆದ್ದರು, ನಿಜ. ಆದರೆ ಆ ಮನೆತನದಲ್ಲಿ ಒಬ್ಬ ಸತ್ತ, ಉಳಿದವರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಆತ್ಮರಕ್ಷಣೆಗಾಗಿಯೇ ಹಾರಿಸಿದೆ ಎಂದು ತೋರಿಸಿಕೊಡುವ ಹೊಣೆ ಹಾರಿಸಿದವನದೇ.

ನನ್ನ ಎದೆ ಹೆಚ್ಚು ಡವಗುಟ್ಟುವುದು ಈ ಕಾರಣಕ್ಕೆ. ನಮ್ಮ ಕಡೆ ಕತ್ತಿ ಎತ್ತುವವನು ಎಲ್ಲಿಂದಲೋ ಬಂದ ಕಳ್ಳನೇ ಆಗಬೇಕಿಲ್ಲ. ತೋಟದ ಬೇಲಿ, ನೀರಿನ ಪಾಲು, ಮದುವೆ ಮನೆಯಲ್ಲಿ ಕುಡಿದು ಆಡಿದ ಒಂದು ಮಾತು ಸಾಕು, ಚಿಕ್ಕಪ್ಪನ ಮಗನೇ ಎದುರು ನಿಲ್ಲುತ್ತಾನೆ. ಅಂಥ ಜಗಳಕ್ಕೆ ಕೋವಿ ಒಯ್ಯಬೇಡಿ, ಹೆದರಿಸುವುದಕ್ಕೂ ಒಯ್ಯಬೇಡಿ. ನೀವಾಗಿ ಕೋವಿ ಹಿಡಿದು ಅವನ ಅಂಗಳಕ್ಕೆ ಹೋದರೆ ಆತ್ಮರಕ್ಷಣೆ ಎಂಬ ಮಾತನ್ನು ಯಾವ ನ್ಯಾಯಾಧೀಶರು ನಂಬುತ್ತಾರೆ? ಕುಡಿದ ದಿನ ಬೀಗದ ಕೈ ಮನೆಯ ಹೆಂಗಸರ ಹತ್ತಿರ ಇರಲಿ.

ಇನ್ನು ಗುಂಡು ನಿಲ್ಲಿಸುವ ವಿಷಯ. ಹಕ್ಕು ಭಯದ ಜೊತೆಗೆ ಹುಟ್ಟುತ್ತದೆ, ಭಯ ತೀರಿದೊಡನೆ ತೀರುತ್ತದೆ. ಅವನು ಕತ್ತಿ ಬಿಸಾಡಿದ, ಬಿದ್ದ, ಬೆನ್ನು ತಿರುಗಿಸಿ ಓಡಿದ ಎಂದರೆ ಎರಡನೆಯ ಗುಂಡು ಕೊಲೆಯಾಗುತ್ತದೆ. ರಕ್ತ ಕುದಿಯುತ್ತಿರುವಾಗ ಬೆರಳನ್ನು ಹಿಂದೆಗೆಯುವುದು ಗುರಿ ಹಿಡಿಯುವುದಕ್ಕಿಂತ ಕಷ್ಟ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ತೋಟಾ ತೆಗೆದು ಕೋವಿಯನ್ನು ಬದಿಗಿಡಿ. ಬಿದ್ದ ಕತ್ತಿಯನ್ನು ಮುಟ್ಟಬೇಡಿ, ಪೊಲೀಸರು ಬಂದು ನೋಡಲಿ. ಯಾರ ಮೈಯಲ್ಲಾದರೂ ಕತ್ತಿ ನಾಟಿಕೊಂಡಿದ್ದರೆ ಎಳೆಯಬೇಡಿ, ಎಳೆದರೆ ರಕ್ತ ಇನ್ನೂ ಹೋಗುತ್ತದೆ. ನೆತ್ತರು ಸುರಿಯುವ ಗಾಯದ ಮೇಲೆ ಶುಭ್ರ ಬಟ್ಟೆ ಇಟ್ಟು, ಆಂಬ್ಯುಲೆನ್ಸ್ ಬರುವವರೆಗೆ ಬಲವಾಗಿ ಒತ್ತಿ ಹಿಡಿಯಿರಿ. ನಿಮ್ಮ ಮೇಲೆ ಕತ್ತಿ ಬೀಸಿದವನ ಗಾಯಕ್ಕೂ ಹಾಗೆಯೇ ಒತ್ತಿ ಹಿಡಿಯಿರಿ.