ಮೂವರು ಸಾಕ್ಷಿಗಳು: ಬೈಬಲ್ಲಿನ ಪಾಠಶೋಧನೆಗೆ ಒಂದು ಪ್ರವೇಶ

ಮಾದಪ್ಪನ ಬೆಟ್ಟದಿಂದ ಮೆಟ್ಟೂರಿನ ದಾರಿ ಹಿಡಿದರೆ ರಾಜ್ಯದ ಗಡಿಯಲ್ಲಿ ಪಾಲಾರ್ ಸಿಗುತ್ತದೆ. ಈ ಸೀಮೆಯ ಮಾರ್ಟಳ್ಳಿ, ಸಂದನಪಾಳ್ಯದ ಕಡೆ ಕ್ರೈಸ್ತರ ಮನೆಗಳು ಬಹಳ. ಕನ್ನಡದ ಜೊತೆಗೆ ತಮಿಳನ್ನೂ ಓದಬಲ್ಲವರು ಇಲ್ಲಿದ್ದಾರೆ. ಪಾಠಶೋಧನೆ ಕಲಿಯಲು ಅದೇ ಒಳ್ಳೆಯ ಬಂಡವಾಳ.

ಕನ್ನಡ, ತಮಿಳು ಬೈಬಲ್ಲುಗಳನ್ನು ಅಕ್ಕಪಕ್ಕದಲ್ಲಿಟ್ಟು ಯೋಹಾನನ ಮೊದಲನೆಯ ಪತ್ರದ 5ನೆಯ ಅಧ್ಯಾಯ, 7 ಮತ್ತು 8ನೆಯ ವಚನ ತೆಗೆಯಿರಿ. ತಮಿಳಿನ ಹಳೆಯ ಪ್ರಾಟೆಸ್ಟೆಂಟ್ ಅನುವಾದದಲ್ಲಿ ಪರಲೋಕದ ಮೂವರು ಸಾಕ್ಷಿಗಳು ಬರುತ್ತಾರೆ: ತಂದೆ, ವಾಕ್ಯ, ಪವಿತ್ರಾತ್ಮ. ಆ ಮೂವರೂ ಒಂದೇ ಎಂಬ ಮಾತೂ ಇದೆ. ಆಮೇಲೆ ಆತ್ಮ, ನೀರು, ರಕ್ತ ಎಂಬ ಭೂಮಿಯ ಮೂರು ಸಾಕ್ಷಿಗಳು. ಬೈಬಲ್ ಸೊಸೈಟಿಯ ಕನ್ನಡ 'ಸತ್ಯವೇದವು' ತೆರೆದರೆ ಈ ಎರಡನೆಯ ಮೂರು ಮಾತ್ರ ಕಾಣುತ್ತವೆ. ತ್ರಿಯೇಕತ್ವಕ್ಕೆ ನೇರ ಆಧಾರವೆಂದು ಶತಮಾನಗಳ ಕಾಲ ತೋರಿಸುತ್ತಿದ್ದ ಮಾತೇ ಅದರಲ್ಲಿಲ್ಲ. ಕನ್ನಡದವರು ಕಿತ್ತರೋ, ಮತ್ಯಾರೋ ಸೇರಿಸಿದ್ದರೋ?

ಉತ್ತರ ಹುಡುಕುವ ವಿಧಾನ ಕನ್ನಡಿಗರಿಗೆ ಹೊಸದಲ್ಲ. ಯಳಂದೂರಿನ ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ' ನಮಗೆ ದಕ್ಕಿದ್ದೂ ಕೈಪ್ರತಿಗಳ ಮೂಲಕವೇ. ಪ್ರತಿ ಮಾಡುವಾಗ ಅಕ್ಷರ ತಪ್ಪುತ್ತದೆ, ಸಾಲು ಬಿಟ್ಟುಹೋಗುತ್ತದೆ, ಅಂಚಿನ ಟಿಪ್ಪಣಿ ಒಳಗೆ ನುಸುಳುತ್ತದೆ. ಪ್ರತಿಗಳ ನಡುವಿನ ಇಂಥ ವ್ಯತ್ಯಾಸ ಪಾಠಾಂತರ. ಆಮೇಲೆ ಸೇರಿದ ಭಾಗ ಪ್ರಕ್ಷಿಪ್ತ. ಇವನ್ನು ತೂಗಿ ಮೂಲಕ್ಕೆ ಹತ್ತಿರದ ಪಾಠವನ್ನು ನಿರ್ಣಯಿಸುವುದೇ ಪಾಠಶೋಧನೆ. ಈ ಕ್ರಮವನ್ನು ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಅವರು ಗ್ರಂಥಸಂಪಾದನೆಯ ಹೆಸರಿನಲ್ಲಿ ಕನ್ನಡದಲ್ಲಿ ವಿವರಿಸಿದ್ದಾರೆ. ಬೈಬಲ್ಲಿಗೂ ನಿಯಮ ಅದೇ. ಅಪೊಸ್ತಲರ ಕೈಬರಹ ಉಳಿದಿಲ್ಲ, ಪ್ರತಿಗಳು ಉಳಿದಿವೆ.

ಈಗ ನಮ್ಮ ವಚನವನ್ನು ತೂಗೋಣ. 4ನೆಯ ಶತಮಾನದ ವ್ಯಾಟಿಕಾನಸ್, ಸಿನೈಟಿಕಸ್ ಎಂಬ ಗ್ರೀಕ್ ಪ್ರತಿಗಳಲ್ಲಿ ಪರಲೋಕದ ಸಾಕ್ಷಿಗಳ ಮಾತಿಲ್ಲ. ಜೆರೋಮನ ಹೆಸರಿನ ಲ್ಯಾಟಿನ್ ಅನುವಾದದ ಅತಿ ಹಳೆಯ ಪ್ರತಿಗಳಲ್ಲೂ ಇಲ್ಲ. 4ನೆಯ ಶತಮಾನದ ಕೊನೆಯ ಹೊತ್ತಿಗೆ ಲ್ಯಾಟಿನ್ ಬರಹವೊಂದರಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ನೀರು, ರಕ್ತ, ಆತ್ಮಗಳಿಗೆ ಯಾರೋ ಕೊಟ್ಟ ವ್ಯಾಖ್ಯಾನ ನಿಧಾನವಾಗಿ ವಚನದೊಳಗೇ ಸೇರಿಕೊಂಡಿತೆಂದು ವಿದ್ವಾಂಸರು ವಿವರಿಸುತ್ತಾರೆ.

ಗ್ರೀಕ್ ಹೊಸ ಒಡಂಬಡಿಕೆಯನ್ನು ಸಂಪಾದಿಸಿದ ಎರಾಸ್ಮಸ್ 1516 ಮತ್ತು 1519ರ ತನ್ನ ಮುದ್ರಣಗಳಲ್ಲಿ ಅದನ್ನು ಸೇರಿಸಲಿಲ್ಲ. ಆಕ್ಷೇಪಗಳು ಎದ್ದವು. ಆ ಮಾತಿದ್ದ ಒಂದು ಗ್ರೀಕ್ ಪ್ರತಿ ಸಿಕ್ಕಿತು. ಅದು ಅದೇ ಕಾಲದಲ್ಲಿ ಬರೆದದ್ದು, ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. 1522ರ ಮುದ್ರಣದಲ್ಲಿ ಮಾತು ಒಳಗೆ ಬಂತು. ಅಲ್ಲಿಂದ ಮುಂದಿನ ಮುದ್ರಣಗಳಿಗೂ 1611ರ ಇಂಗ್ಲಿಷ್ ಅನುವಾದಕ್ಕೂ ಹರಿಯಿತು. ತಮಿಳಿನಲ್ಲಿ ಉಳಿದಿರುವುದು ಆ ಪರಂಪರೆಯ ಪಾಠ. 1881ರಲ್ಲಿ ಇಂಗ್ಲಿಷಿನ ಪರಿಷ್ಕೃತ ಹೊಸ ಒಡಂಬಡಿಕೆ ಅದನ್ನು ಬಿಟ್ಟಿತು. 'ಸತ್ಯವೇದವು' ಸಾಗಿದ್ದೂ ಆ ದಾರಿಯಲ್ಲೇ.

ಕ್ಯಾಥೊಲಿಕ್ ಓದುಗರಿಗೆ ಇನ್ನೊಂದು ಸಂಗತಿ. 1897ರಲ್ಲಿ ರೋಮ್ ಈ ವಚನದ ಪರವಾಗಿ ಆಜ್ಞೆ ಹೊರಡಿಸಿತ್ತು. 1927ರಲ್ಲಿ, ಆಧಾರಗಳನ್ನು ತೂಗಿ ವಿದ್ವಾಂಸರು ಬೇರೆ ನಿರ್ಣಯಕ್ಕೆ ಬರಬಹುದೆಂದು ಸ್ಪಷ್ಟಪಡಿಸಿತು. 1979ರ ಹೊಸ ಲ್ಯಾಟಿನ್ ಬೈಬಲ್ಲಿನಲ್ಲಿ ಆ ಮಾತಿಲ್ಲ.

ಪಾಠ ಬದಲಾಗಲು ಕೆಲವೊಮ್ಮೆ ಒಂದೆರಡು ಗೆರೆಗಳೇ ಸಾಕು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 3:16ರಲ್ಲಿ ಶರೀರಧಾರಿಯಾಗಿ ಪ್ರತ್ಯಕ್ಷನಾದವನ ಪ್ರಸ್ತಾಪವಿದೆ. 'ದೇವರು' ಎಂಬ ಗ್ರೀಕ್ ಪದವನ್ನು ಎರಡೇ ಅಕ್ಷರಕ್ಕೆ ಕುಗ್ಗಿಸಿ ಬರೆಯುತ್ತಿದ್ದರು. ಮೊದಲಕ್ಷರದ ನಡುವಿನ ಗೆರೆ, ಮೇಲಿನ ಗೆರೆ ಇಲ್ಲದಿದ್ದರೆ ಅದು 'ಯಾರು' ಎಂಬ ಸಂಬಂಧಪದವಾಗುತ್ತದೆ. ಹಳೆಯ ಪ್ರತಿಗಳು ಎರಡನೆಯದರ ಪರ.

ಹಾಗಾದರೆ ನಂಬಿಕೆ ಕುಸಿಯಿತೇ? ಇಲ್ಲ. 325ರ ನೈಸಿಯಾ, 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳಲ್ಲಿ ತ್ರಿಯೇಕತ್ವದ ಬೋಧೆ ರೂಪುಗೊಂಡಿದ್ದು ಪರಲೋಕದ ಸಾಕ್ಷಿಗಳ ಮಾತಿನ ಬಲದಿಂದಲ್ಲ. ಮತ್ತಾಯ 28:19ರಂಥ, ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಂಥ ಭಾಗಗಳ ಮೇಲೆ ಆ ಚರ್ಚೆ ನಡೆಯಿತು. ಒಂದು ಆಧಾರ ಬಿದ್ದರೆ ಆ ಆಧಾರವಷ್ಟೇ ಬಿದ್ದಂತೆ. ಬೋಧೆಯನ್ನು ಉಳಿದ ಆಧಾರಗಳ ಮೇಲೆ ಪರೀಕ್ಷಿಸಬೇಕು. ಸೇರಿಸಿದ ಮಾತನ್ನು ಸೇರಿಸಿದ್ದೆಂದು ಒಪ್ಪುವುದು ಗ್ರಂಥಕ್ಕೆ ತೋರುವ ಗೌರವವೆಂದೇ ನಾನು ತಿಳಿಯುತ್ತೇನೆ.

ಓದುವಾಗ ನಾಲ್ಕು ಪ್ರಶ್ನೆ ಕೇಳಿ: ಈ ಪಾಠ ಯಾವ ಪ್ರತಿಗಳಲ್ಲಿದೆ? ಅವು ಎಷ್ಟು ಹಳೆಯವು? ಎಲ್ಲೆಲ್ಲಿ ಹರಡಿದ್ದವು? ಒಂದು ಪಾಠದಿಂದ ಇನ್ನೊಂದು ಹುಟ್ಟಿದ್ದು ಹೇಗೆ? ಮುಂದಿನ ಅಭ್ಯಾಸಕ್ಕೆ ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳನ್ನು ತೆಗೆದುಕೊಳ್ಳಿ. ವ್ಯಾಟಿಕಾನಸ್, ಸಿನೈಟಿಕಸ್ ಪ್ರತಿಗಳಲ್ಲಿ ಅವೂ ಇಲ್ಲ. ನಿಮ್ಮ ಪುಸ್ತಕದಲ್ಲಿ ಅಲ್ಲಿ ಆವರಣ ಚಿಹ್ನೆಯೋ ಅಡಿಟಿಪ್ಪಣಿಯೋ ಇದೆಯೇ ಎಂದು ನೋಡುವುದರಿಂದ ಆರಂಭಿಸಿ.