ಎರಡನೆಯ ಮೈಲಿ ಯಾರದು?

ಯೌವನಸ್ಥರೇ, ‘ಗೋ ದಿ ಎಕ್ಸ್‌ಟ್ರಾ ಮೈಲ್’ ಅನ್ನೋ ಮಾತು ಆಫೀಸಿನಲ್ಲಿ ನೀವೆಲ್ಲ ಕೇಳಿರ್ತೀರಿ. ಅಪ್ರೈಸಲ್ ಬಂದರೆ ಮ್ಯಾನೇಜರ್ ಬಾಯಲ್ಲಿ ಅದೇ ಮಾತು. ಕೊಟ್ಟ ಕೆಲಸಕ್ಕಿಂತ ಹೆಚ್ಚು ಮಾಡು ಅಂತ ಅರ್ಥ. ಇದರ ಬೇರು ಎಲ್ಲಿದೆ ಗೊತ್ತಾ? ನಿಮ್ಮ ಕೈಯಲ್ಲಿರುವ ಸತ್ಯವೇದದಲ್ಲಿ! ಮತ್ತಾಯ 5:41 ತೆಗೆಯಿರಿ. ಒಬ್ಬನು ನಿನ್ನನ್ನು ಒಂದು ಮೈಲಿ ಬಲವಂತವಾಗಿ ಕರೆದೊಯ್ದರೆ ನೀನು ಎರಡು ಮೈಲಿ ಹೋಗು ಅಂತ ಯೇಸುಸ್ವಾಮಿ ಬೆಟ್ಟದ ಮೇಲೆ ಕಲಿಸಿದರು.

ಆಗ ಆ ದೇಶ ರೋಮಿನ ಅಧಿಕಾರದ ಕೆಳಗಿತ್ತು. ದಾರಿಯಲ್ಲಿ ಹೋಗುವವನನ್ನು ಸೈನಿಕರು ಹಿಡಿದು ಹೊರೆ ಹೊರಿಸುತ್ತಿದ್ದರು. ನಮ್ಮ ಹಿರಿಯರು ಬಿಟ್ಟಿ ಚಾಕರಿ ಅಂತಿದ್ದರಲ್ಲ, ಅಂಥದ್ದೇ. ರೋಮನ್ ಮೈಲಿ ಅಂದರೆ ಸುಮಾರು 1,480 ಮೀಟರ್. ಬಲವಂತ ಅನ್ನೋದಕ್ಕೆ ಇಲ್ಲಿರುವ ಗ್ರೀಕ್ ಪದವೇ ಮತ್ತಾಯ 27:32ರಲ್ಲೂ ಇದೆ. ಅಲ್ಲಿ ಸೈನಿಕರು ಕುರೇನ್ಯದ ಸೀಮೋನನ್ನು ಹಿಡಿದು ಯೇಸುವಿನ ಶಿಲುಬೆಯನ್ನು ಹೊರಿಸಿದರು.

ಈಗ ಗಮನಿಸಿ, ಪ್ರಿಯರೇ. ಯೇಸುಸ್ವಾಮಿ ಈ ಮಾತನ್ನು ಯಾರಿಗೆ ಹೇಳಿದರು? ಹೊರೆ ಹೊರಿಸುವವನಿಗಲ್ಲ, ಹೊರುವವನಿಗೆ. ಒಂದನೆಯ ಮೈಲಿ ಸೈನಿಕನದು, ಅಲ್ಲಿ ನೀನು ಬರೀ ಕೂಲಿಯಾಳು. ಎರಡನೆಯ ಮೈಲಿ ನಿನ್ನದು. ‘ಸಾಕು, ಇಳಿಸು’ ಅಂತ ಅವನು ಹೇಳಬೇಕಾದ ಜಾಗದಲ್ಲಿ ‘ಇನ್ನೂ ಸ್ವಲ್ಪ ದೂರ ಬರ್ತೀನಿ’ ಅಂತ ನೀನು ಹೇಳಿದ ಕ್ಷಣ, ನೀನು ಆಳಲ್ಲ. ಪ್ರೀತಿಯಿಂದ ಕೊಡುವ ಸ್ವತಂತ್ರ ಮನುಷ್ಯ. ಹಲ್ಲೆಲೂಯಾ!

ಆದ್ದರಿಂದ ನಾನು ಒಂದು ಮಾತು ನೇರವಾಗಿ ಹೇಳ್ತೀನಿ. ಬೇರೆಯವನು ಕಡ್ಡಾಯ ಮಾಡಿದರೆ ಅದು ಎಕ್ಸ್‌ಟ್ರಾ ಮೈಲ್ ಅಲ್ಲ, ಅದಿನ್ನೂ ಒಂದನೆಯ ಮೈಲಿಯೇ. ಪ್ರತಿ ರಾತ್ರಿ 11 ಗಂಟೆವರೆಗೂ ಕೂರಿಸಿಕೊಂಡರೆ, ಯಾಕೆ ಅಂತ ಮರ್ಯಾದೆಯಿಂದ ಕೇಳೋದು ಪಾಪವಲ್ಲ. ಕೆನ್ನೆಗೆ ಹೊಡೆದವನನ್ನು ಯೇಸುವೇ ಯಾಕೆ ಹೊಡೆದೆ ಅಂತ ಕೇಳಿದರು, ಯೋಹಾನ 18:23. ಸಭೆಯಲ್ಲೂ ಅಷ್ಟೇ. ಈ ವಾಕ್ಯ ತೋರಿಸಿ ವಾಲಂಟಿಯರ್‌ಗಳನ್ನು ದುಡಿಸಿಕೊಳ್ಳುವ ಹಕ್ಕು ನನಗಾಗಲಿ, ಯಾವ ಲೀಡರ್‌ಗಾಗಲಿ ಇಲ್ಲ.

ಆದರೆ ಬರೀ ಲೆಕ್ಕ ಹಾಕ್ತಾ ಒಂದನೆಯ ಮೈಲಿಯಲ್ಲೇ ನಿಂತುಬಿಡಬೇಡಿ. ಹೊಸದಾಗಿ ಸೇರಿದ ಹುಡುಗನಿಗೆ ಕೆಲಸ ಬರ್ತಿಲ್ಲವಾ? ಪಕ್ಕದಲ್ಲಿ ಕೂತು ಕಲಿಸಿ. ನಿಮ್ಮ ಮೇಲೆ ಸಿಡುಕಿದ ಸಹೋದ್ಯೋಗಿಯ ಮನೆಯಲ್ಲಿ ಕಾಯಿಲೆಯಾ? ಹೋಗಿ ನೋಡಿ. ಯಾರೂ ಕೇಳಿಲ್ಲ, ಯಾರೂ ರೇಟಿಂಗ್ ಕೊಡಲ್ಲ. ನಮಗಾಗಿ ಕರ್ತನು ನಡೆದ ದಾರಿಯೂ ಇಂಥದ್ದೇ. ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುತ್ತಿಲ್ಲ, ತಾನೇ ಕೊಡುತ್ತೇನೆ ಅಂದನು. ಈ ವಾರ ಒಬ್ಬರ ಹೆಸರನ್ನು ಪ್ರಾರ್ಥನೆಯಲ್ಲಿ ಇಟ್ಟುಕೊಂಡು, ಅವರ ಸಂಗಡ ಎರಡನೆಯ ಮೈಲಿ ನಡೆಯಿರಿ. ಆಮೆನ್.